ಮಿಂಚುಳ್ಳಿ ಎಂಬ ಹಳೆಯ ಹೆಸರು

ಸೇವೆ ಮುಗಿಸಿದ ಯುದ್ಧನೌಕೆ ಮಿಂಚುಳ್ಳಿಯ ಪಕ್ಕದಲ್ಲಿ ಹೊಸ ನೌಕೆಯೊಂದು ಮುಖ ಊದಿಸಿಕೊಂಡು ನಿಂತಿದ್ದಳು. ಅವಳಿಗೂ ಅದೇ ಹೆಸರು ಇಡುವುದೆಂದು ಗೊತ್ತಾಗಿತ್ತು.

“ಅಜ್ಜಿ, ನನ್ನ ಬಣ್ಣ ಹೊಸದು, ತೋಪು ಹೊಸದು. ಹೆಸರು ಮಾತ್ರ ನೀವು ಉಟ್ಟು ಬಿಟ್ಟದ್ದೇ? ನನಗೆ ಬೇಡ.”

“ನನಗೂ ಅದು ನನ್ನ ಅಜ್ಜಿಯಿಂದ ಬಂದದ್ದು, ಮಗಳೇ. ನೀನು ಒಲ್ಲೆ ಎಂದರೆ ನಾಳೆ ನನ್ನ ಜೊತೆ ಅದೂ ಗುಜರಿಗೆ ಹೋಗುತ್ತದೆ.”

“ಹೋಗಲಿ ಬಿಡಿ,” ಎಂದು ಹೊಸಬಳು ಬಂದರಿನ ಬಾಯಿಗೆ ಸಾಗಿ ಕೂಗಿದಳು: “ದಾರಿ ಬಿಡಿ! ನಾನು ಸಾಗರಸಾಮ್ರಾಜ್ಞಿ!”

“ಯಾರಮ್ಮ ನೀನು? ಯಾರ ಪೈಕಿ?” ಎಂದಿತು ದೀಪಸ್ತಂಭ.

“ಹಾಗಾದರೆ... ಪ್ರಳಯರುದ್ರಿ!”

ಕ್ರೇನುಗಳು ಕಿಸಕ್ಕನೆ ನಕ್ಕವು. ಅವಳು ನಾಚಿ, ಮೆಲ್ಲಗೆ ಹೇಳಿದಳು: “ಮಿಂಚುಳ್ಳಿ.”

“ಓಹೋ, ನಮ್ಮ ಮಿಂಚುಳ್ಳಿ!” ದೀಪಸ್ತಂಭ ಹಗಲಲ್ಲೇ ಕಣ್ಣು ಮಿಟುಕಿಸಿತು. “ಬಿರುಗಾಳಿಯಲ್ಲಿ ನಮ್ಮನ್ನು ದಡಕ್ಕೆ ಎಳೆದು ತಂದವಳು!” ಎಂದು ದೋಣಿಗಳೆಲ್ಲ ಕುಣಿದವು. ಹೊಸಬಳು ಹಿಗ್ಗಿ ಹೀರೇಕಾಯಿಯಾದಳು.

ಅಷ್ಟರಲ್ಲಿ, ನೀರಲ್ಲಿ ತೇಲುತ್ತ ದಾರಿ ತೋರಿಸುವ ಸೊಟ್ಟ ಬೋಯಾ ಒಂದು ಅಡ್ಡ ಬಂತು.

“ಬಂದೆಯಾ ತಾಯಿ! ನನ್ನ ಸೊಂಟ ಮುರಿದು, ತಿರುಗಿಯೂ ನೋಡದೆ ಓಡಿದವಳು ನೀನೇ ತಾನೇ?”

ದೂರದಲ್ಲಿ, ದಡದ ಬಳಿ ನಿಂತಿದ್ದ ಅಜ್ಜಿ ಕಿವಿ ನಿಮಿರಿಸಿದಳು. ‘ಅದು ನಾನಲ್ಲ’ ಎಂಬ ಮಾತು ಹೊಸಬಳ ತುಟಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಹೌದಣ್ಣ, ನಾನೇ. ತಪ್ಪಾಯ್ತು!”

ಅಜ್ಜಿ ನಕ್ಕ ನಗೆಗೆ ಅವಳ ಮೈಯ ತುಕ್ಕೆಲ್ಲ ಉದುರಿ ನೀರಿಗೆ ಬಿತ್ತು.