ತಟ್ಟೆಯಿಲ್ಲದ ಜಾಕ್

ಜೌಗಿನ ಅಂಚಿನ ಒಂದು ಕಾಡಿನಲ್ಲಿ ಪ್ರಾಣಿಗಳ ಬಳಿ ಜೀಪೊಂದಿತ್ತು. ಯಾವ ಕಾಲದಲ್ಲೋ ಮನುಷ್ಯರು ಬಿಟ್ಟುಹೋದದ್ದು. ಕರಡಿ ಅದನ್ನು ಓಡಿಸುತ್ತಿತ್ತು. ಚಿಪ್ಪುಹಂದಿ ಅದರ ಗಾಲಿ, ಬೋಲ್ಟು ನೋಡಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕಾಡಿನ ಹಳ್ಳ ಬತ್ತಿದಾಗ ಮುದುಕರನ್ನೂ ಮರಿಗಳನ್ನೂ ಜೌಗು ದಾಟಿಸಿ ಹೊಳೆದಂಡೆಗೆ ಮುಟ್ಟಿಸಲು ಆ ಜೀಪೊಂದೇ ದಾರಿ.

ಕೆಸರಿನಲ್ಲಿ ಹೂತ ಗಾಲಿಯನ್ನು ಎತ್ತಲು ಜಾಕ್ ಬೇಕು. ಹಳೆಯ ಜಾಕಿನ ಹಲ್ಲು ಸವೆದುಹೋಗಿತ್ತು. ನರಿಯ ಬಳಿ ಎರಡು ಜಾಕ್ ಇವೆ ಎಂದು ಸುದ್ದಿ ಬಂತು. ನರಿ ಮನುಷ್ಯರ ಬಿಡಾರಗಳಿಂದ ಸಾಮಾನು ಹೊತ್ತು ತಂದು ಜೇನುಹುಟ್ಟಿಗೆ ಬದಲಾಯಿಸಿಕೊಳ್ಳುತ್ತಿತ್ತು.

ಎಲ್ಲರೂ ಬಂಡೆಯ ಮೇಲೆ ಸೇರಿದರು. ಒಂದು ಜಾಕ್ ಗಿಡ್ಡ. ಇನ್ನೊಂದು ಉದ್ದ, ಕೆಂಪು ಬಣ್ಣದ್ದು.

ಚಿಪ್ಪುಹಂದಿ ಕೇಳಿತು: "ಎಷ್ಟು ಭಾರ ಎತ್ತುತ್ತೆ? ಎಷ್ಟು ಎತ್ತರಕ್ಕೆ? ಎಂಥ ನೆಲದ ಮೇಲೆ ನಿಲ್ಲುತ್ತೆ?"

"ಗಂಡಿನ ಕಡೆಯವರೂ ಇಷ್ಟು ಕೇಳಲ್ಲ ಕಣಪ್ಪ" ಎಂದಿತು ನರಿ. "ಭಾರ ಎರಡೂ ಎತ್ತುತ್ತವೆ. ಗಿಡ್ಡಂದು ಒಂದು ಗೇಣು ಏಳುತ್ತೆ. ಕೆಂಪಂದು ನಾಲ್ಕು ಗೇಣು."

"ಮೂರನೇ ಪ್ರಶ್ನೆ?"

"ಕಣ್ಣಾರೆ ನೋಡು."

ನರಿ ಕೆಂಪು ಜಾಕನ್ನು ಬಂಡೆಯ ಮೇಲೆ ನಿಲ್ಲಿಸಿ ಜೀಪಿಗೆ ಕೊಟ್ಟು ಹಿಡಿಕೆ ಒತ್ತಿತು. ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿತು. ಕೋತಿಗಳು ಕೇಕೆ ಹಾಕಿದವು.

ಚಿಪ್ಪುಹಂದಿ ಬಗ್ಗಿ ಜಾಕಿನ ಬುಡ ನೋಡಿತು. ಬುಡ ಅದರ ಅಂಗಾಲಿನಷ್ಟೇ ಅಗಲ. ಅದರಲ್ಲಿ ನಾಲ್ಕು ತೂತು. ಬುಡಕ್ಕೆಲ್ಲ ತುಕ್ಕು ಹಿಡಿದಿದ್ದರೂ ತೂತುಗಳ ಸುತ್ತ ಮಾತ್ರ ಹಿಡಿದಿರಲಿಲ್ಲ. ಅಲ್ಲಿ ಮೊನ್ನೆ ಮೊನ್ನೆಯವರೆಗೆ ಏನೋ ಕೂತಿತ್ತು.

"ಇದರ ಅಡಿಗೆ ಅಗಲವಾದ ತಟ್ಟೆ ಇತ್ತಲ್ವಾ?"

"ಇಲ್ಲಪ್ಪ. ಬಂದಿದ್ದೇ ಹೀಗೆ."

"ಹಾಗಾದ್ರೆ ಒಂದ್ಸಲ ಕೆಸರಲ್ಲಿ ಎತ್ತಿ ತೋರಿಸು. ನಮ್ಮ ಗಾಡಿ ಬಂಡೆ ಮೇಲೆ ಯಾವತ್ತೂ ಹೂತಿಲ್ಲ."

"ಕೆಸರು ಮೆತ್ತಿದ್ದನ್ನ ಯಾರು ತೊಳೀತಾರೆ, ನೀನು ನೆಕ್ಕುತೀಯಾ? ಇರುವೆ ತಿನ್ನೋ ನಾಲಿಗೆ, ಉದ್ದಕ್ಕೇನೂ ಕಮ್ಮಿ ಇಲ್ಲ."

ಎಲ್ಲರೂ ನಕ್ಕರು. "ಬಿಡು ಮಾರಾಯ, ಕಣ್ಣೆದುರೇ ಎತ್ತಿತಲ್ಲ" ಎಂದು ಕರಡಿ ಎರಡು ಜೇನುಹುಟ್ಟು ಕೊಟ್ಟು ಕೆಂಪು ಜಾಕನ್ನು ತೆಗೆದುಕೊಂಡಿತು.

ಇನ್ನೊಮ್ಮೆ ಹೇಳಬೇಕು ಎಂದು ಚಿಪ್ಪುಹಂದಿಗೆ ಅನ್ನಿಸಿತು. ಆದರೆ ನಗು ಇನ್ನೂ ನಿಂತಿರಲಿಲ್ಲ. ತನ್ನ ಕುಲದವರು ಹೆದರಿದಾಗ ಮಾಡುವುದನ್ನೇ ಅದೂ ಮಾಡಿತು. ಸುರುಳಿ ಸುತ್ತಿಕೊಂಡು ಸುಮ್ಮನಾಯಿತು.

ಹದಿನೈದು ದಿನದಲ್ಲಿ ಕಾಡಿಗೆ ಬೆಂಕಿ ಬಿತ್ತು.

ಓಡಬಲ್ಲವರು ಓಡಿದರು. ಒಂಬತ್ತು ಮರಿಗಳೂ ಆಮೆಯಜ್ಜಿಯೂ ಜೀಪು ಹತ್ತಿದರು. ನರಿಯೂ ತನ್ನ ಗೋಣಿಚೀಲದೊಂದಿಗೆ ಹತ್ತಿ, ಅದರ ಮೇಲೆ ಕೂತಿತು. ಜೌಗಿನ ನಡುವೆ ಮುಂದಿನ ಗಾಲಿ ಹೂತಿತು. ಸುತ್ತ ಒಂದು ಮರವಿಲ್ಲ, ಬರೀ ಒಣಗಿದ ಆಪುಹುಲ್ಲು. ಬೆಂಕಿ ಅದನ್ನು ಸುಡುತ್ತ ಹಿಂದೆಯೇ ಬರುತ್ತಿತ್ತು. ಮರಿಗಳನ್ನು ಇಳಿಸುವಂತಿರಲಿಲ್ಲ. ಕೆಸರು ಅವುಗಳ ಕುತ್ತಿಗೆ ಮುಟ್ಟುತ್ತಿತ್ತು.

ಚಿಪ್ಪುಹಂದಿ ಜಾಕ್ ಇಟ್ಟು ಹಿಡಿಕೆ ಒತ್ತಿತು. ಜೀಪು ಏಳಲಿಲ್ಲ. ಜಾಕೇ ಕೆಳಗಿಳಿಯಿತು. ಹುಲ್ಲಿನ ಕಟ್ಟು ಹಾಕಿ ಒತ್ತಿದಾಗ ಜಾರಿ ಬಿತ್ತು.

"ಅಗಲವಾದದ್ದು, ಗಟ್ಟಿಯಾದದ್ದು ಏನಾದ್ರೂ ಇದೆಯಾ?" ಎಂದು ಅದು ಎಲ್ಲರನ್ನೂ ಕೇಳಿತು. "ನರಿಯಣ್ಣ, ಚೀಲದಲ್ಲಿ ಏನಿದೆ?"

ನರಿ ಬಾಯಿ ತೆರೆಯಿತು. ಮುಚ್ಚಿತು. "ಹಳೇ ಪಾತ್ರೆ ಕಣೋ" ಎಂದಿತು.

"ನನ್ನ ಬೆನ್ನು ಅಗಲ ಇದೆ" ಎಂದಿತು ಆಮೆಯಜ್ಜಿ.

"ಬೇಡ ಅಜ್ಜಿ. ಆ ಗಾಲಿ ಮೇಲಿನ ಭಾರ ನಿನ್ನ ಹತ್ತರಷ್ಟಿದೆ."

"ನೀನು ಲೆಕ್ಕದವನು. ಮರಿಗಳು ಎಷ್ಟಿವೆ ಹೇಳು."

"ಒಂಬತ್ತು."

"ಮತ್ತೆ?"

ಹೊಗೆ ಕಣ್ಣಿಗೆ ತಾಗುತ್ತಿತ್ತು. ಅಜ್ಜಿ ಕೆಸರಿಗಿಳಿದು ತಲೆ, ಕಾಲು ಒಳಗೆಳೆದುಕೊಂಡಿತು. ಚಿಪ್ಪುಹಂದಿ ಆ ಬೆನ್ನಿನ ನಡುವೆ ಜಾಕ್ ನಿಲ್ಲಿಸಿ ಒತ್ತಿತು. ಈ ಸಲ ಗಾಲಿ ಎದ್ದಿತು. ಹನ್ನೊಂದನೆಯ ಒತ್ತಿಗೆ ಕೆಳಗೆ ಏನೋ ಚಟ್ಟೆಂದಿತು. ಅದರ ಕೈ ನಿಂತಿತು.

"ಒತ್ತು" ಎಂದಿತು ಕೆಸರಿನೊಳಗಿಂದ ಅಜ್ಜಿ.

ಅದು ಇನ್ನೂ ಐದು ಸಲ ಒತ್ತಿತು. ಗಾಲಿಯ ಅಡಿಗೆ ಹುಲ್ಲು ತುಂಬಿತು. ಜಾಕ್ ಇಳಿಸಿ ಎಳೆದುಕೊಂಡಿತು. ಕರಡಿ ಜೀಪನ್ನು ಮುಂದಕ್ಕೆ ಬಿಟ್ಟಿತು. ಜೀಪು ಎಗರಿ ಹೊರಬಂತು. ಆ ಕುಲುಕಿಗೆ ನರಿಯ ಚೀಲ ಜಾರಿ ಕೆಳಗೆ ಬಿತ್ತು.

ಚೀಲದಿಂದ ಒಂದು ಕಬ್ಬಿಣದ ತಟ್ಟೆ ಹೊರಬಂತು. ಮೊರದಷ್ಟು ಅಗಲ. ಅದು ಕೆಸರಿನ ಮೇಲೆ ಬಿದ್ದಲ್ಲೇ ನಿಂತಿತು, ಮುಳುಗಲಿಲ್ಲ. ನಡುವೆ ನಾಲ್ಕು ತೂತು. ತೂತುಗಳ ಸುತ್ತ ತುಕ್ಕು ಇರಲಿಲ್ಲ.

ಚಿಪ್ಪುಹಂದಿ ತಟ್ಟೆಯ ಕಡೆ ಒಮ್ಮೆ ನೋಡಿತು. ಆಮೇಲೆ ಎರಡೂ ಕೈಯಿಂದ ಕೆಸರು ಅಗೆಯತೊಡಗಿತು. ಅಗೆಯುವುದರಲ್ಲಿ ಅದನ್ನು ಮೀರಿಸುವವರು ಆ ಕಾಡಿನಲ್ಲಿ ಇರಲಿಲ್ಲ. ಆದರೂ ತಡವಾಯಿತು. ಅಜ್ಜಿಯ ಚಿಪ್ಪು ಉದ್ದಕ್ಕೆ ಸೀಳಿತ್ತು.

"ಗಾಡಿ ಹೋಯ್ತಾ?" ಎಂದು ಅಜ್ಜಿ ಕೇಳಿತು.

"ಹೋಯ್ತು ಅಜ್ಜಿ."

ಅಜ್ಜಿ ಮತ್ತೆ ಮಾತಾಡಲಿಲ್ಲ.

ಬೆಂಕಿ ಮುಟ್ಟುವ ಮೊದಲೇ ಅಜ್ಜಿಯನ್ನೂ ಆ ತಟ್ಟೆಯನ್ನೂ ಮುಂದೆ ನಿಂತಿದ್ದ ಜೀಪಿಗೆ ಹೇರಿ ಎಲ್ಲರೂ ಜೌಗು ದಾಟಿದರು. ಅಜ್ಜಿಯನ್ನು ಹೊಳೆದಂಡೆಯಲ್ಲಿ ಮಣ್ಣು ಮಾಡಿದರು. ನರಿ ದೂರದಲ್ಲಿ ನಿಂತಿತ್ತು. ಯಾರೂ ಅದನ್ನು ಬೈಯಲಿಲ್ಲ. ಕೊನೆಗೆ ಅದೇ ಬಾಯಿ ಬಿಟ್ಟಿತು.

"ಗಾಡಿ ಹೂತಾಗ ಹೇಗೂ ನನ್ನ ಹತ್ತಿರ ಬರ್ತೀರಿ, ಆಗ ತಟ್ಟೆಗೆ ಬೇರೆ ಜೇನು ಕೇಳೋಣ ಅಂತಿದ್ದೆ. ಜೌಗಲ್ಲಿ ಅದನ್ನ ಹೊರಗೆ ತೆಗೆದಿದ್ರೆ ನನ್ನ ಮೋಸ ಎಲ್ಲರಿಗೂ ಗೊತ್ತಾಗ್ತಿತ್ತು."

"ಈಗ ಗೊತ್ತಾಗಲಿಲ್ವಾ?" ಎಂದಿತು ಕರಡಿ.

ನರಿ ಇನ್ನಷ್ಟು ಹಿಂದೆ ಸರಿಯಿತು.

"ಅದು ಸುಳ್ಳು ಹೇಳಿತು. ನಾನು ತೂತು ನೋಡಿಯೂ ಸುಮ್ಮನಾದೆ" ಎಂದಿತು ಚಿಪ್ಪುಹಂದಿ. ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅಂದು ನಕ್ಕಿದ್ದು ಅವರಿಗೂ ನೆನಪಿತ್ತು.

ಅಂದಿನಿಂದ ನರಿಯ ಕೈಯಿಂದ ಯಾರೂ ಏನನ್ನೂ ಕೊಳ್ಳಲಿಲ್ಲ. ಜೀಪು ಜೌಗಿಗಿಳಿದಾಗಲೆಲ್ಲ ನರಿ ಆ ಕಬ್ಬಿಣದ ತಟ್ಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಜೊತೆಗೆ ನಡೆಯಬೇಕೆಂದು ಕಾಡು ತೀರ್ಮಾನಿಸಿತು. ದೂರದಿಂದ ನೋಡಿದರೆ ಮುದಿ ಆಮೆಯೊಂದು ಮೆಲ್ಲಗೆ ಬರುತ್ತಿರುವಂತೆ ಕಾಣುತ್ತಿತ್ತು. ಮರಿಗಳು ಒಂದೊಂದು ಸಲ "ಅಜ್ಜಿ" ಎಂದು ಕೂಗಿ ಓಡಿಹೋಗುತ್ತಿದ್ದವು. ಹತ್ತಿರ ಹೋಗಿ ನೋಡಿ, ಹಿಂದಿರುಗುತ್ತಿದ್ದವು.

ನೀತಿ: ಯಾವ ಸಾಧನವನ್ನೇ ಆಗಲಿ, ಅದು ದುಡಿಯಬೇಕಾದ ನೆಲದಲ್ಲೇ ಪರೀಕ್ಷಿಸಿ ಕೊಳ್ಳಬೇಕು. ಕೊರತೆ ಕಂಡವರು ನಗುವಿಗೆ ಹೆದರಿ ಸುಮ್ಮನಾದರೆ, ಆ ಭಾರ ಬೇರೆಯವರ ಬೆನ್ನ ಮೇಲೆ ಬೀಳುತ್ತದೆ.