ಜೇನುಬಂಡೆಯ ಸೀಳು

“ಬುದ್ಧೀ, ಮೈಯಲ್ಲಿ ಕಸುವು ಹೋದ ಮೇಲೆ, ಹಿಂದೆ ಮಾಡಿದ ಸಾಧನೆಯನ್ನು ನಾಲ್ಕು ಜನರಿಗೆ ಹೇಳಿಕೊಂಡು ಕೂತರೆ ತಪ್ಪೇ?” ಎಂದು ರಾಚಯ್ಯ ಗುರುವನ್ನು ಕೇಳಿದ.

ರಾಚಯ್ಯನಿಗೆ ಅರವತ್ತೆರಡು ವರ್ಷ. ಮಠಕ್ಕೆ ಬಂದ ಹೊಸದರಲ್ಲಿ ಬೆಟ್ಟದ ಗವಿಯಲ್ಲಿ ನಲವತ್ತೆಂಟು ದಿನ ಮೌನ ಹಿಡಿದು ಕೂತಿದ್ದ. ಈಗ ಮಂಡಿ ಮಡಚಲು ಬರುತ್ತಿರಲಿಲ್ಲ. ಹೊಸಬರು ಸುತ್ತ ಸೇರಿದಾಗ ಆ ಮೌನದ ಕತೆ ಹೇಳುತ್ತಿದ್ದ.

ಗುರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. “ಯಾರು ಕೇಳುತ್ತಾರೆ ನಿನ್ನ ಕತೆ?”

“ಎಲ್ಲರೂ ಕೇಳುತ್ತಾರೆ ಬುದ್ಧೀ. ಮಗ್ಗ ಬಿಟ್ಟು ಬಂದ ಗುರುಮಲ್ಲಪ್ಪ ಇದ್ದಾನಲ್ಲ, ಅವನಂತೂ ಬಾಯಿ ಬಿಟ್ಟುಕೊಂಡು ಕೇಳುತ್ತಾನೆ. ನಾಳೆ ಅವನೂ ಗವಿಗೆ ಹೋಗುತ್ತಾನಂತೆ. ನಾನು ಹೇಳಿದ ಹಾಗೇ ಕೂರುತ್ತಾನಂತೆ.”

“ಹಾಗೋ!” ಎಂದು ಗುರು ಬತ್ತಿಯನ್ನು ಕೆಳಗಿಟ್ಟರು. “ಕೂತುಕೋ. ಮಂಡಿ ನೋವು ಅನ್ನಬೇಡ, ಗೋಡೆಗೆ ಒರಗಿಕೋ. ನಿನಗಿಂತ ದೊಡ್ಡ ಬಾಯಿಯವನೊಬ್ಬನ ಕತೆ ಹೇಳುತ್ತೇನೆ.”

ರಾಚಯ್ಯ ಕೂತ. ಗುರು ಹೇಳತೊಡಗಿದರು.

ಕಾಡಂಚಿನಲ್ಲಿ ಹತ್ತಾರು ಗುಡಿಸಲುಗಳ ಒಂದು ಹಾಡಿ. ಹಾಡಿಯ ಹಿಂದೆ ಒಂದು ಕಡಿದಾದ ಬಂಡೆ. ಬಂಡೆಯ ನೆತ್ತಿಗಿಂತ ಸ್ವಲ್ಪ ಕೆಳಗೆ ಹೆಜ್ಜೇನು ಕಟ್ಟುತ್ತಿತ್ತು. ಹಾಡಿಯವರು ಬುಡದಿಂದ ಬರಿಗಾಲಲ್ಲಿ ಹತ್ತಿ ಜೇನು ಕೀಳುತ್ತಿದ್ದರು. ಹತ್ತುವವನ ಸೊಂಟಕ್ಕೆ ಒಂದು ನಾರಿನ ಹಗ್ಗ. ಅದರ ಇನ್ನೊಂದು ತುದಿ ನೆತ್ತಿಯ ಮೇಲೆ ಅವನ ಹೆಂಡತಿಯ ತಮ್ಮನ ಕೈಯಲ್ಲಿ. ಅದು ಅವರ ಕಟ್ಟಲೆ. ಬೇರೆ ಯಾರ ಕೈಗೂ ಹಗ್ಗ ಕೊಡುವುದಿಲ್ಲ. ಒಡಹುಟ್ಟಿದ ಅಕ್ಕನನ್ನು ವಿಧವೆ ಮಾಡಲು ಯಾವ ತಮ್ಮನಿಗೆ ಮನಸ್ಸು ಬಂದೀತು, ಹೇಳು!

ಇನ್ನೊಂದು ಕಟ್ಟಲೆಯೂ ಇತ್ತು. ಬಂಡೆಯ ಮೇಲೆ ಗುರುತು ಮಾಡಬಾರದು. ಸುಣ್ಣ ಬಳಿಯಬಾರದು, ಉಳಿ ತಾಗಿಸಬಾರದು. ಹತ್ತಿದವನು ಇಳಿದು ಬಂದು ದಾರಿಯನ್ನು ಬಾಯಲ್ಲಿ ಹೇಳಬೇಕು. ಮುಂದೆ ಹತ್ತುವವನು ಕೇಳಿಸಿಕೊಂಡು ಹತ್ತಬೇಕು. ಆಮೆಬೆನ್ನು ಎಂಬ ಉಬ್ಬಿನ ಮೇಲೆ ಎಡಗಾಲು, ಎರಡುಬೆರಳು ಎಂಬ ತೂತಿನಲ್ಲಿ ಬಲಗೈ, ಹೀಗೆ. ಹಳಬರ ನೆನಪು ಬಿಟ್ಟರೆ ಅಲ್ಲಿ ಬೇರೆ ದಾರಿಯಿರಲಿಲ್ಲ.

ಆ ಹಾಡಿಯಲ್ಲಿ ಒಬ್ಬ ಜೇನು ಕೀಳುವವನಿದ್ದ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಆ ಬಂಡೆ ಹತ್ತಿದ. ಬಂಡೆಯ ಎದೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಸೀಳು, ಒಂದೂವರೆ ಆಳಿನಷ್ಟು ಅಗಲ. ನೆಲದಲ್ಲಿ ನಿಂತು ನೋಡಿದರೆ ಅದರ ಒಳಗು ಕಾಣುತ್ತಿರಲಿಲ್ಲ. ಆ ವರ್ಷ ಜೇನುಹುಟ್ಟುಗಳು ಸೀಳಿನ ಆಚೆ ಕಟ್ಟಿದ್ದವು. ಅದನ್ನು ಅದುವರೆಗೆ ಯಾರೂ ದಾಟಿರಲಿಲ್ಲ. ಇವನು ದಾಟಿದ, ಜೇನು ತಂದ. ಮಾರನೆಯ ವರ್ಷದಿಂದ ಹೆಜ್ಜೇನು ಆ ಬಂಡೆಯನ್ನೇ ಬಿಟ್ಟುಹೋಯಿತು; ಹಾಗಾಗಿ ದಾರಿ ಕೇಳುವವರಿರಲಿಲ್ಲ, ಅವನೂ ಹೇಳಲಿಲ್ಲ. ಅವನು ಐವತ್ತರವರೆಗೆ ಬೇರೆ ಬಂಡೆಗಳನ್ನು ಹತ್ತಿದ, ಆಮೇಲೆ ಬಿಟ್ಟ. ಕೈಕಾಲು ನಿಂತ ಮೇಲೆ ಬಾಯಿ ಶುರುವಾಯಿತು.

ಮೊದಲ ಸಲ “ಸೀಳು ದಾಟಿದೆ” ಅಂದ. ಕೇಳುತ್ತಿದ್ದವರಲ್ಲಿ ಯಾರೋ “ಹಾರಿದೆಯಾ?” ಅಂದರು. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ, ಸುಮ್ಮನೆ ಮೀಸೆ ತಿರುವಿದ. ಮುಂದಿನ ವರ್ಷ ತಾನೇ “ಹಾರಿದೆ” ಅಂದ. ಅದರ ಮುಂದಿನ ವರ್ಷ ಬಿರುಗಾಳಿ ಸೇರಿತು. ಆಮೇಲೆ ಹಾರುವಾಗ ಹಲ್ಲಿನಲ್ಲಿ ಕತ್ತಿ ಕಚ್ಚಿಕೊಂಡದ್ದೂ ಸೇರಿತು. ಹೇಳಿ ಹೇಳಿ ಅವನಿಗೇ ಅದು ನಿಜವಾಯಿತು. ನಗಬೇಡ ರಾಚಯ್ಯಾ, ಅವನು ಸುಳ್ಳುಗಾರನಲ್ಲ. ಎದುರಿಗೆ ಕೂತವರು ಕಣ್ಣರಳಿಸಿದರೆ ಮಾತು ತಾನಾಗಿ ಉಬ್ಬುತ್ತದೆ. ನನಗೂ ಎಷ್ಟೋ ಸಲ ಆಗಿದೆ.

ಅವನಿಗೆ ಅರವತ್ತೆಂಟು ತುಂಬಿದ ವರ್ಷ ಹೆಜ್ಜೇನು ಮರಳಿ ಬಂತು. ಕಟ್ಟಿದ್ದು ಸೀಳಿನ ಆಚೆಗೇ. ಹತ್ತುವ ಸರದಿ ಅವನ ಅಳಿಯನದು. ಬಿಸಿರಕ್ತದವನು, ಮದುವೆಯಾಗಿ ವರ್ಷವಾಗಿರಲಿಲ್ಲ. “ಮಾವ ಹಾರಿದ ಕಡೆಯೇ ನಾನೂ ಹಾರುತ್ತೇನೆ” ಎಂದು ಹಾಡಿಯೆಲ್ಲ ಹೇಳಿಕೊಂಡು ತಿರುಗಿದ. ಹುಟ್ಟಿನಲ್ಲಿ ಜೇನುತುಪ್ಪ ತುಂಬಲು ಇನ್ನೊಂದು ತಿಂಗಳಿತ್ತು.

ಆ ಮಾತು ಕಿವಿಗೆ ಬಿದ್ದ ಸಂಜೆ ಮುದುಕನ ಬಾಮೈದ ಮನೆಗೆ ಬಂದ. ಅಂದು ಹಗ್ಗ ಹಿಡಿದಿದ್ದವನು ಅವನೇ. ಈಗ ಅವನ ತಲೆಯೂ ನರೆತಿತ್ತು. ಇಷ್ಟು ವರ್ಷ ಆ ಕತೆಯನ್ನು ಕೇಳಿದ್ದ, ಒಂದು ಮಾತೂ ಆಡಿರಲಿಲ್ಲ.

“ಭಾವ, ನೀನು ಹಾರಲಿಲ್ಲ” ಅಂದ.

“ನೆತ್ತಿಯ ಮೇಲೆ ಕೂತಿದ್ದವನಿಗೆ ಏನು ಕಂಡಿತೋ?”

“ಕಣ್ಣಿಗೆ ಏನೂ ಕಾಣಲಿಲ್ಲ. ಹಗ್ಗ ಈ ಕೈಯಲ್ಲಿತ್ತು. ನೀನು ಹಾರಿದ್ದರೆ ಕೈ ಜಗ್ಗಬೇಕಿತ್ತು, ಜಗ್ಗಲಿಲ್ಲ. ಎಲೆಯಡಿಕೆ ಹಾಕಿ ಅಗಿದು ಉಗಿಯುವಷ್ಟು ಹೊತ್ತು ಹಗ್ಗ ಅಲುಗಲೇ ಇಲ್ಲ. ಆಮೇಲೆ ಬೆರಳು ಬೆರಳಷ್ಟೇ ಕೆಳಗೆ ಸರಿಯಿತು. ನಿನ್ನ ಮಾನದ ಮಾತು ಅಂತ ಸುಮ್ಮನಿದ್ದೆ. ಈಗ ಆ ಹುಡುಗ ನಿಜವಾಗಿಯೂ ಹಾರುತ್ತಾನೆ ಭಾವ. ನಾರಿನ ಹಗ್ಗ ತೂಕ ಹೊರುತ್ತದೆ, ಬಿದ್ದ ರಭಸ ತಡೆಯುತ್ತದೆಯೇ? ಬಂಡೆಯ ಅಂಚಿಗೆ ತಾಗಿದರೆ ಪಟ್ ಅಂತ ಹರಿಯುತ್ತದೆ.”

ಒಲೆಯ ಮುಂದೆ ಕೂತಿದ್ದ ಮಗಳು ತಿರುಗಿದಳು. “ಅಪ್ಪಾ, ನಿಜವಾಗಿ ಹಾರಿದ್ದೆಯಾ?”

ಮುದುಕ ಹೌದು ಅನ್ನಲು ಬಾಯಿ ತೆರೆದ. ಸೀಳನ್ನು ನೆನಪು ಮಾಡಿಕೊಳ್ಳಲು ನೋಡಿದ. ತಾನು ಹೇಳಿದ ಕತೆಗಳೆಲ್ಲ ನೆನಪಾದವು, ಸೀಳು ನೆನಪಾಗಲಿಲ್ಲ.

ಬೆಳಗಾದ ಕೂಡಲೇ ಅಳಿಯನನ್ನು ಕರೆದು ಹಾರಬೇಡ ಅಂದ. ಅಳಿಯನಿಗೆ ಮುಖಕ್ಕೆ ಹೊಡೆದ ಹಾಗಾಯಿತು. “ನೀವು ಹಾರಬಹುದು, ನನ್ನ ಕೈಲಿ ಆಗುವುದಿಲ್ಲವೋ? ಸರಿ, ಹಾರದೆ ಹೇಗೆ ದಾಟುವುದು ಹೇಳಿ ಮಾವ.”

ಮುದುಕನಿಗೆ ಗೊತ್ತಿರಲಿಲ್ಲ. “ಹತ್ತಿ ನೋಡಿಕೊಂಡು ಬಂದು ಹೇಳುತ್ತೇನೆ” ಅಂದ.

ಹಾಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. “ಮಣ್ಣಿಗೆ ಹೋಗುವ ವಯಸ್ಸಿನಲ್ಲಿ ಬಂಡೆಗೆ ಹೋಗುವ ಹುಚ್ಚು ಯಾಕೆ?” ಎಂದು ರೇಗಿದಳು. “ನನ್ನ ಬಾಯಿ ಮಾಡಿದ ಕೆಲಸ, ನನ್ನ ಕೈಕಾಲೇ ಸರಿಮಾಡಬೇಕು” ಅಂದ. ಅವಳು ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಬೆಳಿಗ್ಗೆ ಅವನ ಮಂಡಿಗೆ ಹರಳೆಣ್ಣೆ ಬಿಸಿಮಾಡಿ ತಿಕ್ಕಿದಳು.

ಅವನು ದಿನವೂ ಮುಂಜಾನೆ ಹಳ್ಳದ ದಂಡೆಯ ಗುಂಡುಕಲ್ಲುಗಳನ್ನು ಹತ್ತಿದ. ಮೊದಲ ದಿನ ಕಾಲು ಸೊಂಟದವರೆಗೂ ಏಳಲಿಲ್ಲ. ಆಲದ ಕೊಂಬೆ ಹಿಡಿದು ತೂಗಿದ, ಹತ್ತು ಎಣಿಸುವುದರೊಳಗೆ ಧೊಪ್ಪನೆ ಬಿದ್ದ. ಎದ್ದು ಮತ್ತೆ ತೂಗಿದ. ಅಂಗೈಯಲ್ಲಿ ಬೊಬ್ಬೆಗಳು ಬಂದು ಒಡೆದವು, ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡ. ಬಾಮೈದ ದಿನವೂ ಬಂದು ಆಲದ ಕಟ್ಟೆಯ ಮೇಲೆ ಕೂರುತ್ತಿದ್ದ, ಎಣಿಸುತ್ತಿದ್ದ. ದಣಿವಾದಾಗ ಇಬ್ಬರೂ ಹಳೆಯ ಬಂಡೆಗಳ ಮಾತಾಡುತ್ತಿದ್ದರು. ಎಲ್ಲಿ ಯಾರು ಜಾರಿದರು, ಯಾವ ವರ್ಷ ಹಗ್ಗ ಯಾರು ಹೊಸೆದರು. ಮುದುಕ ಉಬ್ಬಿಸಿದಲ್ಲೆಲ್ಲ ಬಾಮೈದ “ಭಾವಾ…” ಎಂದು ರಾಗ ಎಳೆಯುತ್ತಿದ್ದ. ಮುದುಕ ಬೈದುಕೊಂಡು ಮತ್ತೆ ಮೊದಲಿನಿಂದ ಹೇಳುತ್ತಿದ್ದ.

ಇಪ್ಪತ್ತಾರನೆಯ ದಿನ ಅವನು ಬಂಡೆಗೆ ಕೈ ಇಟ್ಟ. ಹೆಜ್ಜೇನಿನವರೆಗೆ ಹೋಗುವುದು ಬೇಕಿರಲಿಲ್ಲ. ಸೀಳು ದಾಟಿ ಮರಳಿದರೆ ಸಾಕಿತ್ತು. ನೆತ್ತಿಯ ಮೇಲೆ ಬಾಮೈದ ಹಗ್ಗ ಹಿಡಿದು ಕೂತ.

ಆಮೆಬೆನ್ನು ಸಿಕ್ಕಿತು. ಎರಡುಬೆರಳು ತೂತಿನಲ್ಲಿ ಈಗ ಒಂದೇ ಬೆರಳು ಹಿಡಿಯಿತು, ಗೆಣ್ಣು ಊದಿದ್ದವು. ಆ ಒಂದರಲ್ಲೇ ತೂಗಿ ಮೇಲೆ ಬಂದ. ಎರಡು ಸಲ ಕಾಲು ಜಾರಿತು, ಎರಡು ಸಲವೂ ಹಗ್ಗ ಬಿಗಿಯಾಯಿತು. “ಇಳಿಯುತ್ತೀಯಾ ಭಾವ?” ಎಂದು ಮೇಲಿನಿಂದ ಕೂಗು. “ಮುಚ್ಚೋ ಬಾಯಿ!” ಎಂದು ಕೆಳಗಿನಿಂದ ಉತ್ತರ. ಬಿಸಿಲು ಏರುವ ಹೊತ್ತಿಗೆ ಸೀಳಿನ ಪಕ್ಕದ ಗೇಣಗಲದ ಅಂಚಿಗೆ ತಲುಪಿದ.

ನಿಂತು ನೋಡಿದ. ಮಂಗನೂ ಹಾರಲಾರದ ಜಾಗ ಅದು. ಆಚೆ ಕಾಲೂರಲು ಏನೂ ಇರಲಿಲ್ಲ. ಅಳಿಯ ಇಲ್ಲಿಂದ ಹಾರುವುದು ಕಣ್ಣಿಗೆ ಕಟ್ಟಿತು. ನಿಲ್ಲಲಾರದೆ ಬಂಡೆಗೆ ಬೆನ್ನು ಒತ್ತಿ ಅಲ್ಲೇ ಕುಸಿದು ಕೂತ.

ಕೂತ ಮೇಲೆ ಬಲಕ್ಕೆ, ಅಂಚಿನ ಕೆಳಗೆ, ಒಂದು ಬಿಲ ಕಾಣಿಸಿತು. ನಿಂತವರಿಗೆ ಅದು ಕಾಣುವುದಿಲ್ಲ, ಮೇಲಿನ ಕಲ್ಲು ಮರೆಮಾಡುತ್ತದೆ. ಮುದುಕ ತಲೆ ಬಗ್ಗಿಸಿ ಹೊಟ್ಟೆಯ ಮೇಲೆ ಒಳಗೆ ತೆವಳಿದ. ತಣ್ಣನೆಯ ಕಲ್ಲು ಕೆನ್ನೆಗೆ ತಾಕಿತು. ಆ ಕ್ಷಣ ಅವನಿಗೆ ಎಲ್ಲವೂ ನೆನಪಾಯಿತು. ಇಪ್ಪತ್ತೆಂಟರ ಪ್ರಾಯದಲ್ಲಿ ಇದೇ ಅಂಚಿನಲ್ಲಿ ಹೀಗೇ ಕುಸಿದು ಕೂತಿದ್ದ. ಅವ್ವಾ ಎಂದು ಕೂಗಿ ಅತ್ತಿದ್ದ. ಅಳುವಾಗ ಬಿಲ ಕಂಡಿತ್ತು. ಹುಳುವಿನ ಹಾಗೆ ತೆವಳಿಕೊಂಡು ಸೀಳಿನ ಹಿಂಬದಿಯಿಂದ ಆಚೆ ಹೋಗಿದ್ದ.

ಮೇಲೆ ಬಾಮೈದನ ಕೈಯಲ್ಲಿ ಹಗ್ಗ ಬೆರಳು ಬೆರಳಷ್ಟೇ ಸರಿಯತೊಡಗಿತು. ಅವನು ಎದ್ದು ನಿಂತು ಕೂಗಿದ. “ಭಾವಾ! ಇದೇ! ಅವತ್ತೂ ಹಗ್ಗ ಹೀಗೇ ಹೋಯಿತು!” ಬಿಲದೊಳಗೆ ಮುದುಕ ನಗುತ್ತಲೂ ಇದ್ದ, ಅಳುತ್ತಲೂ ಇದ್ದ.

ಇಳಿದು ಬಂದವನು ಹಾಡಿಯವರನ್ನೆಲ್ಲ ಬಂಡೆಯ ಬುಡಕ್ಕೆ ಕರೆದ. ಇಷ್ಟು ವರ್ಷ ಕತೆ ಕೇಳಿದವರೆಲ್ಲ ಎದುರಿಗಿದ್ದರು. “ನಾನು ಹಾರಲಿಲ್ಲ” ಅಂದ. “ಸೀಳಿನ ಹತ್ತಿರ ಭಯವಾಗಿ ಕೂತೆ. ಅವ್ವನನ್ನು ಕರೆದು ಅತ್ತೆ. ಕೂತಾಗ ಬಲಕ್ಕೆ, ಅಂಚಿನ ಕೆಳಗೆ ಒಂದು ಬಿಲ ಕಾಣುತ್ತದೆ. ಹೊಟ್ಟೆಯ ಮೇಲೆ ತೆವಳಬೇಕು. ಅದೇ ದಾರಿ.”

ಕೆಲವರು ಕಿಸಕ್ಕನೆ ನಕ್ಕರು. ಮುದುಕನ ಕಿವಿ ಕೆಂಪಾದವು. ಆದರೂ ಇನ್ನೊಂದು ಸಲ ಮೊದಲಿನಿಂದ ಕೊನೆಯವರೆಗೆ ಹೇಳಿದ, ಅತ್ತದ್ದನ್ನೂ ಬಿಡದೆ. ಅಳಿಯ ನಗಲಿಲ್ಲ. ಒಪ್ಪಿದೆ ಅಂತಲೂ ಅನ್ನಲಿಲ್ಲ, ಎದ್ದು ಹೋದ.

ತುಪ್ಪ ತುಂಬಿದ ದಿನ ಅಳಿಯ ಹತ್ತಿದ. ನೆತ್ತಿಯ ಮೇಲೆ ಹಗ್ಗ ಹಿಡಿದವನು ಮುದುಕನ ಮಗ. ಪಕ್ಕದಲ್ಲಿ ಬಾಮೈದ, ಹಗ್ಗದ ಮೇಲೆ ಒಂದು ಕೈ ಇಟ್ಟುಕೊಂಡು. ಕೆಳಗೆ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳಿಯ ಸೀಳಿನ ಮರೆಗೆ ಹೋದ. ಹಗ್ಗ ನಿಂತಿತು. ಮಗಳು ಅಪ್ಪನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಜಗ್ಗು ಬರುತ್ತದೋ ಏನೋ ಎಂದು ಮೇಲಿನವರು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದರು. ಎಲೆಯಡಿಕೆ ಅಗಿದು ಉಗಿಯುವಷ್ಟು ಹೊತ್ತಾಯಿತು.

ನೆತ್ತಿಯ ಮೇಲಿನಿಂದ ಬಾಮೈದ ಕೂಗಿದ. “ಕೂತ! ಭಾವಾ, ಅವನು ಕೂತ!”

ಅಳಿಯ ಜೇನು ತಂದ. ಮಾವನ ಎದುರು ಪಾತ್ರೆ ಇಟ್ಟು, “ನಾನೂ ಅತ್ತೆ ಮಾವ” ಎಂದು ಮೆಲ್ಲಗೆ ಹೇಳಿದ. ಆ ಅಂಚಿಗೆ ಹಾಡಿಯವರು ‘ಅಜ್ಜ ಅತ್ತ ಕಟ್ಟೆ’ ಎಂದು ಹೆಸರಿಟ್ಟರು. ಇಂದಿಗೂ ಹತ್ತುವವರು ಅಲ್ಲಿ ಮೊದಲು ಕೂರುತ್ತಾರೆ.

ಗುರು ಕತೆ ಮುಗಿಸಿ ಮತ್ತೆ ಬತ್ತಿ ಕೈಗೆತ್ತಿಕೊಂಡರು.

ರಾಚಯ್ಯನ ಮುಖ ಅರಳಿತು. “ಹಾಗಾದರೆ ಹೇಳಿಕೊಂಡರೆ ತಪ್ಪಿಲ್ಲ ಅಂದ ಹಾಗಾಯಿತು ಬುದ್ಧೀ.”

“ತಪ್ಪಿಲ್ಲ, ಧಾರಾಳವಾಗಿ ಹೇಳು; ಗುರುಮಲ್ಲಪ್ಪ ಹೊರಡುವ ಮೊದಲು, ಗವಿಯ ಆ ನಲವತ್ತೆಂಟು ದಿನಗಳಲ್ಲಿ ನೀನು ಅತ್ತದ್ದು ಎಷ್ಟನೆಯ ದಿನ ಅನ್ನುವುದನ್ನೂ ಹೇಳಿ ಬಾ.”