ಖಾಲಿ ಮೊಳೆ

1971ರ ಫೆಬ್ರವರಿ 9, ಮಂಗಳವಾರ. ನನ್ನ ಹಳೆಯ ದಿನಚರಿಯ ಆ ಪುಟ ಒಂದು ಪ್ರಶ್ನೆಯಿಂದ ಮೊದಲಾಗುತ್ತದೆ.

"ನನ್ನ ತಮ್ಮ ಕೋಣೆ ತುಂಬ ಕತ್ತಿ ಕೂಡಿಹಾಕುತ್ತಿದ್ದಾನೆ ಬುದ್ಧಿ. ಹೆಣ್ಣಿನ ಕಡೆಯವರು ನಾಳಿದ್ದು ಬಂದು ನನ್ನನ್ನು ಕೇಳುತ್ತಾರೆ. ನಾನು ಏನು ಹೇಳಲಿ?"

ಕೇಳಿದವರು ನಮ್ಮ ಯಜಮಾನರು. ಕೇಳಿದ್ದು ಊರ ಹೊರಗಿನ ಮಠದ ಸ್ವಾಮಿಗಳನ್ನು. ನಾನು ಕಂಬದ ಪಕ್ಕದಲ್ಲಿ ಕುಳಿತಿದ್ದೆ. ಬಿ.ಎ. ಮುಗಿಸಿ ಬಂದ ಸೊಸೆ ನಮ್ಮ ಬೀದಿಗೆ ನಾನೊಬ್ಬಳೇ. ಕೇಳಿದ ಮಾತನ್ನು ಅದೇ ದಿನ, ಕೂಡಿಸದೆ ಕಳೆಯದೆ ಬರೆದಿಡುವುದು ನನ್ನ ಕ್ರಮ. ಆ ಪುಟದಲ್ಲಿ ಇರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಮ್ಮ ಎಂದರೆ ನನ್ನ ಮೈದುನ ಪಂಚಾಕ್ಷರಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ರಜೆ ಬಂದರೆ ಊರೂರು ತಿರುಗಿ ಹಳೆಯ ಕತ್ತಿಗಳನ್ನು ತರುತ್ತಿದ್ದ. ತುಕ್ಕು ತೆಗೆದು, ಎಣ್ಣೆ ಹಚ್ಚಿ, ತನ್ನ ಕೋಣೆಯ ಗೋಡೆಗೆ ತೂಗುಹಾಕುತ್ತಿದ್ದ. ಸೌತೆಕಾಯಿ ಹೆಚ್ಚಲು ಕುಳಿತರೆ ಬೆರಳು ಕೊಯ್ದುಕೊಂಡು ಏಳುವವನು. ಆದರೂ ಎದುರುಮನೆಯವರು ನಮ್ಮ ಯಜಮಾನರನ್ನು ನಿಲ್ಲಿಸಿ, "ಯಾರ ಮೇಲೆ ಮಸೀತಿದ್ದಾರೆ ನಿಮ್ಮ ಮೇಷ್ಟ್ರು?" ಎಂದು ನಗುತ್ತಿದ್ದರು. ಕೆಲವು ದಿನ ಇವರೂ ನಕ್ಕರು. ಆಮೇಲೆ ನಗಲಿಲ್ಲ. ಈಗ ಅವನಿಗೊಂದು ಸಂಬಂಧ ಕೂಡಿಬಂದಿತ್ತು. ಹುಡುಗಿ ಒಪ್ಪಿದ್ದಳು. ಕೋಣೆಯ ಗೋಡೆಯನ್ನು ನೋಡಿಹೋದ ಹುಡುಗಿಯ ತಂದೆ ಮಾತ್ರ ಹೇಳಿಕಳುಹಿಸಿದ್ದರು: ಹುಡುಗ ಒಳ್ಳೆಯವನು ಎಂದು ಅಣ್ಣನಾದವರು ಒಂದು ಮಾತು ಹೇಳಿದರೆ ಸಾಕು, ನಾವು ನಂಬುತ್ತೇವೆ.

ಸ್ವಾಮಿಗಳು ಕೇಳಿದರು, "ನಿನಗೆ ತಮ್ಮನನ್ನು ಕಂಡರೆ ಭಯವೇನಪ್ಪ ಕೊಟ್ರಪ್ಪ?"

"ಭಯ ಅಂತಲ್ಲ ಬುದ್ಧಿ. ಮನೆಯಲ್ಲಿ ಮಕ್ಕಳಿದ್ದಾರೆ. ಮಲಗುವಾಗ ಬಾಗಿಲ ಚಿಲಕ ಹಾಕಿಕೊಳ್ಳುತ್ತೇನೆ. ಅಷ್ಟೇ."

"ಅಷ್ಟೇಯೋ?"

"ಅಷ್ಟೇ."

ಸ್ವಾಮಿಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕುದುರೆಯ ಮೇಲೆ ಬಟ್ಟೆ ಹೇರಿಕೊಂಡು ಊರೂರಿಗೆ ಹೋಗುತ್ತಿದ್ದ. ಬೇರೆ ವ್ಯಾಪಾರಿಗಳು ಹೋದ ಊರಿಂದ ಬಳೆ ತಂದರು, ಬೆಲ್ಲ ತಂದರು. ಇವನು ಹೋದ ಊರಿಂದ ಒಂದು ಕತ್ತಿ ತಂದ. ಆ ಊರಿನ ಗಂಡಸರು ಸೊಂಟಕ್ಕೆ ಕಟ್ಟುವ ಕತ್ತಿ ಯಾವುದೋ ಅದು. ಕಡಲ ದಂಡೆಯಿಂದ ಮೀನುಗಾರನ ಕತ್ತಿ ಬಂತು. ಬಯಲ ಕಡೆಯಿಂದ ಕುರುಬನ ಕತ್ತಿ ಬಂತು. ಈಚಲ ಮರ ಹತ್ತುವವನ ಕತ್ತಿ ಬಂತು. ಒಂದೊಂದಕ್ಕೂ ಗೋಡೆಗೆ ಒಂದು ಮೊಳೆ ಹೊಡೆದ. ಹಿಡಿಯನ್ನು ನೋಡಿದರೆ ಆ ಊರಿನ ಕೈ ಹೇಗಿರುತ್ತದೆಂದು ತಿಳಿಯುತ್ತದೆ ಎನ್ನುತ್ತಿದ್ದ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಖಾಲಿ ಇತ್ತು. ನೋಡಲು ಬಂದವರು ಅದು ಯಾವ ಊರಿನದು ಎಂದು ಕೇಳಿದರೆ ಅವನು ಹೇಳುತ್ತಿದ್ದ, "ಅದು ನಮ್ಮೂರಿನದು. ನಮ್ಮೂರವರು ಸೊಂಟಕ್ಕೆ ಕತ್ತಿ ಕಟ್ಟುವುದಿಲ್ಲ. ಅದು ಖಾಲಿ ಇರುವುದೇ ನನಗೆ ಹೆಮ್ಮೆ."

ಅವನು ಹೇಳಿದ್ದು ನಿಜ. ಆ ಊರಿನ ಅಡುಗೆಮನೆಯಲ್ಲಿ ಈಳಿಗೆಮಣೆ ಇತ್ತು, ಹೊಲಕ್ಕೆ ಕುಡುಗೋಲು ಇತ್ತು. ಸೊಂಟದಲ್ಲಿ ಎಲೆಯಡಿಕೆಯ ಚೀಲ ಮಾತ್ರ ಇರುತ್ತಿತ್ತು. ಕತ್ತಿಯ ವಿಷಯದಲ್ಲಿ ಅವರಿಗೊಂದು ಕಟ್ಟುಪಾಡು ಕೂಡ ಇತ್ತು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಹಗೆ ಹುಟ್ಟುತ್ತದೆ. ಕೊಡುವವನು ನೆಲದ ಮೇಲಿಡಬೇಕು, ತೆಗೆದುಕೊಳ್ಳುವವನು ನೆಲದಿಂದ ಎತ್ತಿಕೊಳ್ಳಬೇಕು. ವ್ಯಾಪಾರಿ ಯಾರಿಗೆ ಕತ್ತಿ ತೋರಿಸಿದರೂ ಚಾಪೆಯ ಮೇಲಿಡುತ್ತಿದ್ದ. ಹಿಡಿ ಅವರ ಕಡೆಗೆ, ಮೊನೆ ತನ್ನ ಕಡೆಗೆ.

ಜಗಳಕ್ಕೂ ಆ ಊರಿನಲ್ಲಿ ಕಟ್ಟು ಇತ್ತು. ಇಬ್ಬರು ಜಗಳಕ್ಕೆ ನಿಂತರೆ ಹೆಗಲ ವಸ್ತ್ರವನ್ನು ನೆಲಕ್ಕೆ ಹಾಕಬೇಕು. ಗಂಟಲು ಒಣಗುವವರೆಗೆ ಬೈದಾಡಬೇಕು. ಇಬ್ಬರಲ್ಲಿ ಯಾರದಾದರೂ ಮನೆಯಿಂದ ಹೆಂಗಸೊಬ್ಬಳು ಒಂದು ಚೆಂಬು ನೀರು ತರುತ್ತಾಳೆ. ಇಬ್ಬರೂ ಅದೇ ಚೆಂಬಿನಿಂದ ಕುಡಿದು ವಸ್ತ್ರ ಎತ್ತಿಕೊಂಡು ಹೋಗಬೇಕು. ಎಂಥ ಜಗಳವೂ ನೀರು ಬಂದ ಮೇಲೆ ಮುಂದುವರಿದದ್ದಿಲ್ಲ.

ಒಮ್ಮೆ ಯಾರದೋ ಮನೆಗೆ ಪರವೂರಿನಿಂದ ಬಂದ ನೆಂಟನೊಬ್ಬ ವ್ಯಾಪಾರಿಯ ಗೋಡೆಯನ್ನು ನೋಡಿದ. ಚಾವಡಿಗೆ ಬಂದು ಕೇಳಿದ, "ಒಬ್ಬ ಮನುಷ್ಯನಿಗೆ ಇಷ್ಟೊಂದು ಕತ್ತಿ ಯಾಕೆ?"

ಅದುವರೆಗೆ ಊರಿನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನೆಂಟ ತನ್ನ ಊರಿಗೆ ಹೋದ. ಪ್ರಶ್ನೆ ಇಲ್ಲಿಯೇ ಉಳಿಯಿತು. ವ್ಯಾಪಾರಿಯನ್ನೇ ಕೇಳಬಹುದಾಗಿತ್ತು. ಕೇಳಲಿಲ್ಲ.

ಹಾಲಿನವಳು ಒಳಗೆ ಬರುವುದನ್ನು ಬಿಟ್ಟು ಹಾಲಿನ ಪಾತ್ರೆಯನ್ನು ಹೊಸ್ತಿಲ ಹೊರಗೆ ಇಟ್ಟುಹೋಗತೊಡಗಿದಳು. ಕತ್ತಿ ನೋಡಲು ಬರುತ್ತಿದ್ದ ಮಕ್ಕಳನ್ನು ತಾಯಂದಿರು ತಡೆದರು. "ಹಿಡಿ ನಮ್ಮ ಕಡೆ ಇಡುತ್ತಾನಲ್ಲ, ನಾವು ಹೇಗೆ ಹಿಡಿಯುತ್ತೇವೆ ಅಂತ ನೋಡಿಕೊಳ್ಳೋದಕ್ಕೆ" ಎಂದು ಒಬ್ಬ ಹೇಳಿದ. "ಎಣ್ಣೆ ಹಚ್ಚುತ್ತಾನಂತೆ. ಉಪಯೋಗಿಸದೆ ಇರೋದಕ್ಕೆ ಯಾರಾದರೂ ಎಣ್ಣೆ ಹಚ್ಚುತ್ತಾರಾ?" ಎಂದು ಇನ್ನೊಬ್ಬ ಹೇಳಿದ. ವ್ಯಾಪಾರಿ ಎದುರು ಬಂದರೆ ಇಬ್ಬರೂ ಮೊದಲಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡುತ್ತಿದ್ದರು.

ಕ್ಷೌರಿಕ ಮಾತ್ರ ಎಂದಿನಂತೆ ಬಂದ. ವ್ಯಾಪಾರಿಯ ಗಲ್ಲಕ್ಕೆ ನೀರು ಹಚ್ಚುತ್ತ ಹೇಳಿದ, "ಊರಿನ ಗಂಟಲೆಲ್ಲ ನನ್ನ ಕತ್ತಿಯ ಕೆಳಗೆ ಬರುತ್ತವೆ ಯಜಮಾನರೆ. ಬಂದವರು ಕಣ್ಣು ಮುಚ್ಚಿ ಗೊರಕೆ ಕೂಡ ಹೊಡೆಯುತ್ತಾರೆ. ನಿಮ್ಮವು ಒಂದು ಬದನೆಕಾಯಿಯನ್ನೂ ಕೊಯ್ದಿಲ್ಲ. ಊರಿಗೆ ನಿದ್ದೆ ಇಲ್ಲ."

ವ್ಯಾಪಾರಿ ಹೇಳಿದ, "ನಿನ್ನ ಕತ್ತಿ ಏನು ಮಾಡುತ್ತದೆಂದು ಅವರಿಗೆ ಗೊತ್ತಿದೆ. ನನ್ನವು ಏನೂ ಮಾಡುವುದಿಲ್ಲ. ಅದಕ್ಕೇ ಇರಬೇಕು."

ಅಷ್ಟರಲ್ಲಿ ಊರಿನವನೊಬ್ಬ ಕಮ್ಮಾರನ ಬಳಿಗೆ ಹೋಗಿ ಸೊಂಟಕ್ಕೆ ಕಟ್ಟುವಂಥ ಒಂದು ಕತ್ತಿ ಮಾಡಿಕೊಡು ಎಂದ. "ಯಾರಿಗೂ ಏನೂ ಮಾಡೋದಕ್ಕಲ್ಲಪ್ಪ. ಅವನು ಒಂದು ವೇಳೆ ಬಂದರೆ ಇರಲಿ ಅಂತ." ಅವನ ಸೊಂಟದಲ್ಲಿ ಕತ್ತಿ ಕಂಡ ಪಕ್ಕದ ಮನೆಯವನೂ ಒಂದು ಮಾಡಿಸಿದ. ಅವನನ್ನು ಕಂಡು ಅವನ ಪಕ್ಕದ ಮನೆಯವನು. ಕಮ್ಮಾರನಿಗೆ ಕೈತುಂಬ ಕೆಲಸ. ಮೊದಲು ಕುಡುಗೋಲನ್ನು ನೆಲದ ಮೇಲಿಟ್ಟು ಕೊಡುತ್ತಿದ್ದವನು ಈಗ ಕತ್ತಿಯನ್ನು ಕೈಯಿಂದ ಕೈಗೇ ಕೊಟ್ಟ. ನೆಲದ ಮೇಲಿಡುವಷ್ಟು ಪುರುಸೊತ್ತು ಅವನಿಗೂ ಇರಲಿಲ್ಲ, ಕೊಂಡವರಿಗೂ ಇರಲಿಲ್ಲ.

ಕೊನೆಗೆ ಊರಿನ ಹಿರಿಯರು ವ್ಯಾಪಾರಿಯ ಮನೆಗೆ ಬಂದರು. ನಿನ್ನ ಕತ್ತಿಗಳನ್ನು ಚಾವಡಿಯಲ್ಲಿ ಇರಿಸು, ಊರಿಗೆ ನೆಮ್ಮದಿಯಾಗಲಿ ಎಂದರು. ವ್ಯಾಪಾರಿ ವಾದಿಸಲಿಲ್ಲ. ಎಲ್ಲವನ್ನೂ ಗೋಡೆಯಿಂದ ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಹಿರಿಯರ ಮುಂದಿಟ್ಟ. ಪೆಟ್ಟಿಗೆ ಚಾವಡಿಗೆ ಹೋಯಿತು.

ಊರಿಗೆ ನೆಮ್ಮದಿಯಾಗಲಿಲ್ಲ. "ಒಂದು ಮಾತೂ ಆಡದೆ ಕೊಟ್ಟುಬಿಟ್ಟನಲ್ಲ, ಮನಸ್ಸಿನಲ್ಲಿ ಏನೋ ಇದ್ದದ್ದೇ ನಿಜ" ಎಂದರು. ಸೊಂಟಕ್ಕೆ ಕಟ್ಟಿದ್ದನ್ನು ಯಾರೂ ಬಿಚ್ಚಲಿಲ್ಲ. ವ್ಯಾಪಾರಿಯ ಭಯ ಹೋದರೂ ಬಿಚ್ಚುವಂತಿರಲಿಲ್ಲ. ಪಕ್ಕದ ಮನೆಯವನು ಬಿಚ್ಚಿರಲಿಲ್ಲವಲ್ಲ.

ಒಂದು ದಿನ ಕುಂಬಾರನ ಕತ್ತೆ ಗಾಣಿಗನ ಅಂಗಳಕ್ಕೆ ನುಗ್ಗಿ ಹಿಂಡಿ ತಿಂದಿತು. ಹಿಂದೆಯೂ ಎಷ್ಟೋ ಸಲ ತಿಂದಿತ್ತು. ಇಬ್ಬರೂ ಬೀದಿಗೆ ಬಂದು ಜಗಳಕ್ಕೆ ನಿಂತರು. "ನಿನ್ನ ಕತ್ತೆಗೆ ಇರುವ ರುಚಿ ನಿನಗಿಲ್ಲವಲ್ಲೋ" ಎಂದು ಗಾಣಿಗ ಹೇಳಿದಾಗ ನೋಡುತ್ತಿದ್ದವರು ನಕ್ಕರು. ಕುಂಬಾರನಿಗೂ ನಗು ಬಂದಿತ್ತು ಎನ್ನುತ್ತಾರೆ. ಕಟ್ಟಿನಂತೆ ಇಬ್ಬರೂ ಹೆಗಲ ವಸ್ತ್ರವನ್ನು ನೆಲಕ್ಕೆ ಹಾಕಿದರು. ವಸ್ತ್ರ ಬಿದ್ದೊಡನೆ ಅವನ ಸೊಂಟದ ಕತ್ತಿ ಇವನಿಗೆ ಕಂಡಿತು, ಇವನದು ಅವನಿಗೆ ಕಂಡಿತು. ಕತ್ತಿಗೆ ಮೊದಲು ಕೈಹಾಕಿದವರು ಯಾರೆಂದು ನೋಡಿದವರಿಗೂ ಹೇಳಲಾಗಲಿಲ್ಲ.

ಗಾಣಿಗನ ಹೆಂಡತಿ ಇಬ್ಬರಿಗೂ ಆಗುವಷ್ಟು ನೀರು ತಂದಳು. ಕುಡಿಯಲು ಕುಂಬಾರ ಮಾತ್ರ ಉಳಿದಿದ್ದ.

ಊರಿನವರು ಅಲ್ಲಿಂದ ನೇರವಾಗಿ ಚಾವಡಿಗೆ ಓಡಿದರು. ಪೆಟ್ಟಿಗೆಯ ಬೀಗ ತೆಗೆದು ನೋಡಿದರು. ಎಲ್ಲ ಕತ್ತಿಗಳೂ ಸುತ್ತಿದ ಬಟ್ಟೆಯಲ್ಲಿ ಸುತ್ತಿದಂತೆಯೇ ಇದ್ದವು. ಬೈಯಬೇಕೆಂದು ಬಂದವರಿಗೆ ಬೈಯಲು ಏನೂ ಸಿಗಲಿಲ್ಲ.

ಕೊಂದ ಕತ್ತಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂತು. ಯಾರೂ ಅದನ್ನು ಮನೆಯೊಳಗೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ಕಮ್ಮಾರ ಕೂಡ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿರಿಯರು ಪೆಟ್ಟಿಗೆಯನ್ನು ಹೊರಿಸಿಕೊಂಡು ವ್ಯಾಪಾರಿಯ ಮನೆಗೆ ಬಂದರು. ಪೆಟ್ಟಿಗೆಯನ್ನು ಇಳಿಸಿ, ಆ ಕತ್ತಿಯನ್ನು ಅವನ ಚಾಪೆಯ ಮೇಲಿಟ್ಟರು. "ಇದೂ ನಿನ್ನಲ್ಲೇ ಇರಲಿ" ಎಂದರು.

ವ್ಯಾಪಾರಿ ಅದನ್ನು ಎತ್ತಿಕೊಂಡ. ತೊಳೆದ, ಒರೆಸಿದ, ಎಣ್ಣೆ ಹಚ್ಚಿದ. ಬಾಗಿಲ ಪಕ್ಕದ ಖಾಲಿ ಮೊಳೆಗೆ ತೂಗುಹಾಕಿದ. ಅವನ ಗೋಡೆಯಲ್ಲಿ ಮನುಷ್ಯನನ್ನು ಕೊಂದದ್ದೆಂದು ಗೊತ್ತಿದ್ದ ಕತ್ತಿ ಅದೊಂದೇ. ಆಮೇಲೆ ಯಾರಾದರೂ ಅದು ಯಾವ ಊರಿನದು ಎಂದು ಕೇಳಿದರೆ ಅವನು "ನಮ್ಮೂರಿನದು" ಎನ್ನುತ್ತಿದ್ದ. ಬೇರೇನೂ ಹೇಳುತ್ತಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ನಮ್ಮ ಯಜಮಾನರು ಕೇಳಿದರು, "ಹಾಗಾದರೆ ತಪ್ಪು ಯಾರದು ಬುದ್ಧಿ? ಕತ್ತಿ ಕೂಡಿಹಾಕಿದವನದೋ, ಮಾಡಿಕೊಟ್ಟ ಕಮ್ಮಾರನದೋ?"

ಸ್ವಾಮಿಗಳು ಹೇಳಿದರು, "ಚಿಲಕ ಇರಲಿ ಕೊಟ್ರಪ್ಪ, ನಿನ್ನ ತಲೆದಿಂಬಿನ ಕೆಳಗೆ ಇರುವುದನ್ನು ಯಾವಾಗ ಕೊಂಡೆ?"

ನಮ್ಮ ಯಜಮಾನರು ತಲೆ ಎತ್ತಲಿಲ್ಲ.

ಸ್ವಾಮಿಗಳಿಗೆ ನಾನು ಹೇಳಿರಲಿಲ್ಲ. ತಲೆದಿಂಬಿನ ಕೆಳಗೆ ಒಂದು ಹೊಸ ಕುಡುಗೋಲು ಇತ್ತು. ದೀಪಾವಳಿ ಕಳೆದ ಮೇಲೆ ಸಂತೆಯಿಂದ ತಂದದ್ದು. ಹಿತ್ತಲಿನ ತೆಂಗಿನಮರಕ್ಕೆ ಎಂದು ನನಗೆ ಹೇಳಿದ್ದರು. ಹಾಸಿಗೆ ಮಡಿಸುವವಳು ನಾನು, ಆದ್ದರಿಂದ ನನಗೆ ಗೊತ್ತಿತ್ತು.

ಆ ಪುಟ ಇಲ್ಲಿಗೆ ಮುಗಿಯುತ್ತದೆ. ಮುಂದಿನದು ಬೇರೆ ಬೇರೆ ಪುಟಗಳಲ್ಲಿದೆ. ಅದನ್ನೂ ಬರೆದುಬಿಡುತ್ತೇನೆ.

ಹೇಳಿದ ದಿನಕ್ಕೆ ಹುಡುಗಿಯ ತಂದೆ ಬಂದರು. ನಾನು ಕಾಫಿ ಕೊಟ್ಟೆ. ಪಂಚಾಕ್ಷರಿ ಹೊಸ ಅಂಗಿ ಹಾಕಿಕೊಂಡು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಒಂದು ಮಾತು ಹೇಳಿಬಿಡಿ ಕೊಟ್ರಪ್ಪನವರೆ, ಲಗ್ನ ಕಟ್ಟಿಸೋಣ" ಎಂದು ಅವರು ಕೇಳಿದರು. ಮಠದಲ್ಲಿ ಸುಮ್ಮನಾದ ನಮ್ಮ ಯಜಮಾನರು ಅಲ್ಲಿಯೂ ಸುಮ್ಮನೆ ಕುಳಿತಿದ್ದರು. ತಮ್ಮನ ಮೇಲೆ ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಸ್ವಾಮಿಗಳ ಪ್ರಶ್ನೆಯ ನಾಚಿಕೆ ಅವರನ್ನು ಇನ್ನೂ ಬಿಟ್ಟಿರಲಿಲ್ಲ. ಹುಡುಗಿಯ ತಂದೆಗೆ ಅದು ತಿಳಿಯುವಂತಿರಲಿಲ್ಲ. ಅವರು ಆ ಮೌನವನ್ನೇ ಉತ್ತರವೆಂದು ತೆಗೆದುಕೊಂಡರು. ಕಾಫಿ ಪೂರ್ತಿ ಕುಡಿದು, ನಮಸ್ಕಾರ ಹೇಳಿ ಎದ್ದರು. ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಪಂಚಾಕ್ಷರಿ ಅಣ್ಣನನ್ನು ಏನೂ ಕೇಳಲಿಲ್ಲ. "ಅತ್ತಿಗೆ, ಸ್ಕೂಲು ಇಲ್ಲಿಂದ ದೂರ ಆಗುತ್ತೆ" ಎಂದು ಹೇಳಿ ಸ್ಕೂಲಿನ ಹತ್ತಿರ ಒಂದು ಕೋಣೆ ಹಿಡಿದ. ಕತ್ತಿಗಳನ್ನು ತೆಗೆದುಕೊಂಡು ಹೋದ. ಗೋಡೆಯಲ್ಲಿ ಮೊಳೆಗಳು ಉಳಿದವು. ಬೇರೆ ಸಂಬಂಧಗಳಿಗೆ ಅವನು ಒಪ್ಪಲಿಲ್ಲ. ಹಬ್ಬಕ್ಕೆ ಕರೆದರೆ ಬಂದು, ಅಂಗಳದಲ್ಲಿ ನಿಂತು, ಮಕ್ಕಳನ್ನು ಮಾತಾಡಿಸಿ, ಊಟವಾಗಿದೆ ಎಂದು ಹೇಳಿ ಹೋಗುತ್ತಿದ್ದ. ಕೊನೆಯವರೆಗೂ ಖಾನಾವಳಿಯಲ್ಲಿ ಉಂಡ. ಅವನು ತೀರಿಕೊಂಡಾಗ ನಮ್ಮ ಯಜಮಾನರು ಅವನ ಕೋಣೆಗೆ ಹೋಗಿ, ಗೋಡೆಯ ಕತ್ತಿಗಳನ್ನು ಒಂದೊಂದಾಗಿ ಇಳಿಸಿ ಒರೆಸಿದರು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.

ಆ ಕುಡುಗೋಲು ನಮ್ಮ ಅಟ್ಟದ ಮೇಲಿದೆ. ಅದರಿಂದ ಇದುವರೆಗೆ ಒಂದು ತೆಂಗಿನ ಗರಿಯನ್ನೂ ಕೊಯ್ದಿಲ್ಲ.